ಸಹಾಯ ಬೇಕು: ಮೈಗ್ರೇನ್ ಇರುವವರು ದೂರದ ವಿಮಾನ ಪ್ರಯಾಣ ಹೇಗೆ ಮಾಡುತ್ತೀರಿ?

ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆ ಜೂನ್‌ನಲ್ಲಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೇಲೆ ಶಿಕಾಗೋಗೆ ಹೊರಟಿದ್ದೇನೆ. ಒಬ್ಬಳೇ. 20 ವರ್ಷದಿಂದ ಅರೆತಲೆನೋವು ಇದೆ.

ಹೋದ ಸಲ ವಿಮಾನ ಹತ್ತಿ ನಾಲ್ಕು ಗಂಟೆಯಲ್ಲೇ ಶುರುವಾಯಿತು. ಮೊದಲು ಎಡಗಡೆ ಮಿಣಮಿಣ ಅನ್ನುವ ಅಂಕುಡೊಂಕು ಗೆರೆ, ಆಮೇಲೆ ಕಣ್ಣಿನ ಹಿಂದೆ ಸುತ್ತಿಗೆಯಲ್ಲಿ ಬಡಿದ ಹಾಗೆ. ಊಟದ ಟ್ರಾಲಿ ಬಂತು, ಆ ವಾಸನೆಗೇ ವಾಂತಿ. ಪಕ್ಕದ ಸೀಟಿನ ಹುಡುಗಿ ತನ್ನ ದುಪಟ್ಟಾ ನನ್ನ ಕಣ್ಣಿಗೆ ಕಟ್ಟಿ, ಇಳಿಯುವವರೆಗೂ ಕೈ ಹಿಡಿದು ಕೂತಿದ್ದಳು. ಮಾತ್ರೆ ಚೆಕ್-ಇನ್ ಬ್ಯಾಗಿನಲ್ಲಿತ್ತು! ಈ ಸಲ ಸುಮಾಟ್ರಿಪ್ಟಾನ್ (ಮೈಗ್ರೇನ್ ಬಂದಾಗ ತಗೊಳ್ಳುವ ಮಾತ್ರೆ) ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲೇ ಇರುತ್ತದೆ.

ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟೇ ಇರುತ್ತದಂತೆ. ಅಂದರೆ ಇಡೀ ರಾತ್ರಿ ಮುಳ್ಳಯ್ಯನಗಿರಿ ತುದಿಯಲ್ಲಿ ಕೂತ ಹಾಗೆ, ಅಲ್ವಾ? ಗಾಳಿಯೂ ತುಂಬಾ ಒಣ. ನೀರು ಕುಡೀತಾ ಇರಿ, ಊಟ ನಿದ್ದೆ ತಪ್ಪಿಸಬೇಡಿ ಅಂದಿದ್ದಾರೆ ಡಾಕ್ಟರ್.

ನನ್ನ ದೊಡ್ಡ ಚಿಂತೆ ಕಾಫಿ. ದಿನಾ ಬೆಳಿಗ್ಗೆ 6ಕ್ಕೆ ಒಂದು ಲೋಟ ಫಿಲ್ಟರ್ ಕಾಫಿ ಬೇಕೇ ಬೇಕು, ತಪ್ಪಿದರೆ ಮಧ್ಯಾಹ್ನಕ್ಕೆ ತಲೆ ಹಿಡಿಯುತ್ತದೆ. ಜೂನ್‌ನಲ್ಲಿ ಶಿಕಾಗೋ ನಮಗಿಂತ ಹತ್ತೂವರೆ ಗಂಟೆ ಹಿಂದೆ. ದಾರಿಯಲ್ಲಿ ಯಾವ ಊರಿನ ಗಡಿಯಾರ ನೋಡಿ ಕುಡಿಯಲಿ? ನೀವು ಹೇಗೆ ಮಾಡಿದಿರಿ?

ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವಾಗ ನೋವು ಬಂದರೆ ಬೆಳಕು, ಗದ್ದಲ ಕಡಿಮೆ ಇರುವ ಜಾಗ ಸಿಗುತ್ತದಾ? ವೀಲ್‌ಚೇರ್ ಮೊದಲೇ ಹೇಳಿಡುವುದು ಒಳ್ಳೆಯದಾ? ಮೈಗ್ರೇನ್ ಇಟ್ಟುಕೊಂಡು ಹೋಗಿ ಬಂದವರು ದಯವಿಟ್ಟು ಹೇಳಿ. ಮಾತ್ರೆ ವಿಷಯ ಡಾಕ್ಟರ್ ಹತ್ತಿರವೇ ಕೇಳುತ್ತೇನೆ. ಮೊಮ್ಮಗುವನ್ನು ಎತ್ತಿಕೊಳ್ಳುವ ಹೊತ್ತಿಗೆ ನಾನು ಹಾಸಿಗೆ ಹಿಡಿದಿರಬಾರದು, ಅಷ್ಟೇ.