ಸಹಾಯ ಬೇಕು: ಸಾಗರದ ಕಡೆ ಹಸೆ ಚಿತ್ತಾರ ಕಲಿಸುವವರು ಇದ್ದಾರೆಯೇ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಕಚೇರಿ, ಮನೆ, ಮಕ್ಕಳ ಓದು ಎಂದು ಓಡಾಡುವುದರಲ್ಲೇ ವಾರ ಮುಗಿದುಹೋಗುತ್ತದೆ. ಅಡಿಕೆ ಸುಗ್ಗಿ ಮುಗಿದ ಮೇಲೆ ತಿಂಗಳಿಗೊಂದು ಭಾನುವಾರ ನನ್ನದು ಎಂದು ಮನೆಯವರನ್ನು ಒಪ್ಪಿಸಿದ್ದೇನೆ. ಅಂದು ತಾಳಗುಪ್ಪ ರೈಲಿನಲ್ಲಿ ಸಾಗರಕ್ಕೆ ಹೋಗಿ ದೀವರು ಸಮುದಾಯದ ಗೋಡೆ ಚಿತ್ರಕಲೆಯಾದ ಹಸೆ ಚಿತ್ತಾರ ಕಲಿಯಬೇಕೆಂಬ ಆಸೆ.

ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಬರೆಯಲು ಪುಂಡಿ ನಾರಿನ ಕುಂಚ. ಅಷ್ಟು ಸಣ್ಣ ಗೆರೆಯನ್ನು ಕೈ ನಡುಗದಂತೆ ಎಳೆಯುವುದನ್ನು ಎದುರಿಗೆ ಕುಳಿತೇ ಕಲಿಯಬೇಕು, ಮೊಬೈಲ್ ನೋಡಿ ಬರುವಂಥದ್ದಲ್ಲ. ಸಾಗರ, ಸೊರಬದ ಹಳ್ಳಿಗಳಲ್ಲಿ ಕಲಿಸಲು ಒಪ್ಪುವ ಹಿರಿಯ ಅಕ್ಕಂದಿರು, ಅಮ್ಮಂದಿರು ಇದ್ದರೆ, ಅವರನ್ನು ಕೇಳಿಕೊಂಡು ತಿಳಿಸಿ. ಸಂಭಾವನೆ ಖಂಡಿತ ಕೊಡುತ್ತೇನೆ. ಇಂಥ ವಿದ್ಯೆಯನ್ನು ಪುಕ್ಕಟೆ ಕೇಳುವುದು ನ್ಯಾಯವಲ್ಲ.

ಪಾಠ ಮುಗಿಸಿ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರುವ ಮನಸ್ಸೂ ಇದೆ. ಭಾನುವಾರ ಸಾಗರದಿಂದ ಅಲ್ಲಿಗೆ ಬಸ್ ಸಿಗುತ್ತದೆಯೇ, ಆಟೋವೇ ಗತಿಯೇ?

ವಾರದ ದಿನಗಳಲ್ಲಿ ಇಂಥ ಅಭ್ಯಾಸಕ್ಕೆ ಹೊತ್ತು ಹೊಂದಿಸಿಕೊಂಡ ಗೃಹಿಣಿಯರು ಇಲ್ಲಿದ್ದರೆ, ಸಂಜೆಯ ಅಡುಗೆ ಕೆಲಸವನ್ನು ಮನೆಯವರ ನಡುವೆ ಹೇಗೆ ಹಂಚಿಕೊಂಡಿರಿ ಎಂಬುದನ್ನೂ ದಯವಿಟ್ಟು ಬರೆಯಿರಿ.