ಒಂದು ಡ್ರೈವರ್ ತಪ್ಪಿದರೆ ಇಡೀ ಕಂಪ್ಯೂಟರ್ ಏಕೆ ನಿಲ್ಲಬೇಕು?

ಪ್ರಶ್ನೆ (ಸೋಮವಾರಪೇಟೆ):
ನಮ್ಮ ಕಾಫಿ ತೋಟದಲ್ಲಿ ಸಂಜೆ ಹಣ್ಣು ತೂಗುವಾಗ, ತೂಕದ ಯಂತ್ರದ ಯುಎಸ್‌ಬಿ ಕೇಬಲ್ ಜೋಡಿಸಿದ ಕೂಡಲೇ ಕೆಲವೊಮ್ಮೆ ವಿಂಡೋಸ್ ಪರದೆ ನೀಲಿಯಾಗಿ, ಸೇವ್ ಮಾಡದ ಲೆಕ್ಕವೆಲ್ಲ ಹೋಗುತ್ತದೆ. ಕೂಲಿ ನಿಂತಿರುವುದೇ ಆ ತೂಕದ ಮೇಲೆ. ಒಂದು ಕೇಬಲ್ಲಿನ ದೋಷಕ್ಕೆ ಇಡೀ ಯಂತ್ರವೇ ನಿಲ್ಲುವುದೇಕೆ?

ಉತ್ತರ (ವಿರಾಜಪೇಟೆ):
ದೋಷ ಬಹುಶಃ ಕೇಬಲ್ಲಿನದಲ್ಲ, ಅದರ ಡ್ರೈವರಿನದು, ಅಂದರೆ ಆ ಸಾಧನವನ್ನು ಕಂಪ್ಯೂಟರಿನೊಂದಿಗೆ ಮಾತನಾಡಿಸುವ ಪ್ರೋಗ್ರಾಮಿನದು. ವಿಂಡೋಸ್ ಮತ್ತು ಲಿನಕ್ಸ್‌ಗಳಲ್ಲಿ ಹೆಚ್ಚಿನ ಡ್ರೈವರುಗಳು ಕರ್ನಲ್ಲಿನೊಳಗೇ (ಇಡೀ ಯಂತ್ರವನ್ನು ನಡೆಸುವ ಕೇಂದ್ರ ಪ್ರೋಗ್ರಾಮಿನೊಳಗೇ), ಅದರಷ್ಟೇ ಅಧಿಕಾರದೊಂದಿಗೆ ನಡೆಯುವುದರಿಂದ, ಒಂದು ಡ್ರೈವರ್ ಮೆಮೊರಿಯ ತಪ್ಪು ಜಾಗದಲ್ಲಿ ಬರೆದರೆ ಬೇರೆಯವುಗಳ ಮಾಹಿತಿಯೂ ಕೆಡಬಹುದು. ಡಿಸ್ಕಿನವರೆಗೆ ಹಾನಿ ಹರಡದಿರಲೆಂದು ವ್ಯವಸ್ಥೆ ತಾನಾಗಿಯೇ ನಿಲ್ಲುತ್ತದೆ. 2024ರ ಜುಲೈ 19ರಂದು ಕಂಪ್ಯೂಟರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದದ್ದೂ ಇದೇ ಕಾರಣಕ್ಕೆ. ಇದಕ್ಕೆ ಬದಲಾಗಿ, ಕಂಪ್ಯೂಟರ್ ವಿಜ್ಞಾನಿ ಆಂಡ್ರ್ಯೂ ಟ್ಯಾನೆನ್‌ಬಾಮ್ ಅವರ ತಂಡ 2005ರಲ್ಲಿ ಹೊರತಂದ ಮಿನಿಕ್ಸ್ 3 ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಪ್ರತಿ ಡ್ರೈವರೂ ಕರ್ನಲ್ಲಿನ ಹೊರಗೆ ಪ್ರತ್ಯೇಕ ಪ್ರೋಗ್ರಾಂ ಆಗಿರುತ್ತದೆ. ಅದು ಸತ್ತರೆ ಕಾವಲಿನ ಇನ್ನೊಂದು ಪ್ರೋಗ್ರಾಂ ಅದನ್ನು ಮತ್ತೆ ಎಬ್ಬಿಸುತ್ತದೆ. ಈ ಪ್ರೋಗ್ರಾಂಗಳ ನಡುವಿನ ಸಂದೇಶಗಳ ಓಡಾಟದಿಂದ ವೇಗ ಸ್ವಲ್ಪ ಕುಗ್ಗಬಹುದಾದರೂ, ಕೂಲಿಯ ಲೆಕ್ಕಕ್ಕೆ ಬೇಕಾದದ್ದು ವೇಗವಲ್ಲ ಎಂದೇ ನಾನು ನಂಬುತ್ತೇನೆ.

ಉತ್ತರ (ಮಡಿಕೇರಿ):
ಮೇಲಿನವರ ಮಾತು ಸರಿ. ಆದರೆ ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋಗುವುದನ್ನೂ ಗಮನಿಸಬೇಕು. ಎನ್‌ಟಿಎಫ್‌ಎಸ್ (ವಿಂಡೋಸ್), ಎಕ್ಸ್‌ಟಿ4ನಂಥ (ಲಿನಕ್ಸ್) ಕಡತ ವ್ಯವಸ್ಥೆಗಳು, ಅಂದರೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವಿಧಾನಗಳು, ಬದಲಾವಣೆಯನ್ನು ಮೊದಲು ದಾಖಲೆಯಲ್ಲಿ ಬರೆದುಕೊಳ್ಳುವುದರಿಂದ ಡಿಸ್ಕಿನ ರಚನೆ ಉಳಿಯುತ್ತದೆಯೇ ಹೊರತು, ನೀವು ಸೇವ್ ಮಾಡದ ತೂಕ ಉಳಿಯುವುದಿಲ್ಲ. ಯುಎಸ್‌ಬಿ ಕೇಬಲ್ಲಿನ ಅಡಾಪ್ಟರ್ ಚಿಪ್ ತಯಾರಕರ ಹೊಸ ಡ್ರೈವರ್ ಹಾಕಿ, ಪ್ರತಿ ತೂಕವೂ ಕೂಡಲೇ ಸೇವ್ ಆಗುವಂತೆ ಮಾಡಿಸಿ, ಯುಪಿಎಸ್ ಇರಲೇಬೇಕು.