ಶಾಸ್ತ್ರಿಯ ಗಾಳ, ಶೆಟ್ರ ಹೊಟ್ಟೆಯುರಿ

ಕಡಲೆಕಾಯಿ ಪರಿಷೆಯಲ್ಲಿ ಕೊಂಡದ್ದು ಇನ್ನೂ ಎರಡು ಸೇರು ಉಳಿದಿತ್ತು. ಅದನ್ನು ಮುಗಿಸುವ ನೆಪದಲ್ಲಿ ಭಾನುವಾರ ಸಂಜೆ ಬಸವನಗುಡಿಯ ಶಾಸ್ತ್ರಿ ಮನೆ ತಾರಸಿಯ ಮೇಲೆ ನಾವು ನಾಲ್ವರು ಸೇರಿದ್ದೆವು. ವಿಷಯ ಅಂಡಮಾನ್. ಮೂರು ವರ್ಷದಿಂದ ನಮ್ಮ ವಾಟ್ಸಾಪ್ ಗುಂಪಿನ ಹೆಸರು 'ಅಂಡಮಾನ್ ಪಕ್ಕಾ'. ಹೋಗಿದ್ದು ಮಾತ್ರ ನಂದಿ ಬೆಟ್ಟದ ತನಕ.

"ಈ ಸಲ ಸುಮ್ನೆ ಬೀಚಲ್ಲಿ ಬಿದ್ದುಕೊಂಡು ಬರೋದಲ್ಲ. ಬೋಟ್ ತಗೊಂಡು ಸಮುದ್ರದ ಮಧ್ಯೆ ಮೀನು ಹಿಡಿಯೋದು" ಎಂದ ಸೀನ. ಸೀನ ಯಾವ ವಿಷಯಕ್ಕೆ ಇಳಿದರೂ ಮೊದಲು ಸಾಮಾನು ಕೊಳ್ಳುತ್ತಾನೆ, ಆಮೇಲೆ ವಿಷಯ ಕಲಿಯುತ್ತಾನೆ. ಅವನ ಮನೆಯಲ್ಲಿ ಹಕ್ಕಿ ನೋಡುವ ದುರ್ಬೀನು ಇದೆ. ಅದರಲ್ಲಿ ಎದುರು ಬೀದಿಗೆ ಟ್ಯಾಂಕರ್ ಬಂತಾ ಅಂತ ನೋಡುತ್ತಾರೆ.

ನಾವೆಲ್ಲ ಶಾಸ್ತ್ರಿಯ ಮುಖ ನೋಡಿದೆವು. ಬೇಕರಿ ಕೇಕಿನಲ್ಲಿ ಮೊಟ್ಟೆ ಇರುತ್ತದೆ ಎಂದು ಗೊತ್ತಾದ ದಿನ ಎರಡು ಸಲ ತಲೆಗೆ ಸ್ನಾನ ಮಾಡಿದ ಮನುಷ್ಯ. ಅವನು ಕಡಲೆಕಾಯಿ ಸುಲಿಯುತ್ತಾ ಶಾಂತವಾಗಿ ಹೇಳಿದ, "ಅಲ್ಲಿ ಹಿಡಿದ ಮೀನನ್ನ ವಾಪಸ್ ನೀರಿಗೇ ಬಿಡ್ತಾರಂತಲ್ಲ? ಹಾಗಾದ್ರೆ ನಾನೂ ಬರ್ತೀನಿ."

ಕೂತಲ್ಲಿಂದ ಎದ್ದು ನಿಂತವರು ಶೆಟ್ರು. ಮಲ್ಪೆಯ ಕಡೆಯವರು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ಕಳೆದರೂ ಇಲ್ಲಿನ ಬಂಗುಡೆಯನ್ನು ಬಂಗುಡೆ ಎಂದು ಒಪ್ಪಿಕೊಂಡಿಲ್ಲ. "ಐಸಿನಲ್ಲಿ ಮಲಗಿ ರಾತ್ರಿಯೆಲ್ಲ ಘಾಟಿ ಹತ್ತಿ ಬಂದ ಮೀನು, ಅದಕ್ಕೂ ತಲೆ ತಿರುಗಿರ್ತದೆ ಮಾರಾಯ್ರೆ" ಎನ್ನುತ್ತಾರೆ. ಅಂಥವರು ಈಗ ಕೇಳಿದರು, "ವಿಮಾನದಲ್ಲಿ ಹೋಗಿ, ಬೋಟಿಗೆ ದುಡ್ಡು ಸುರಿದು, ಬಿಸಿಲಲ್ಲಿ ಒಣಗಿ, ಇಪ್ಪತ್ತು ಕಿಲೋ ಮೀನು ಹಿಡಿದು, ಫೋಟೋ ತೆಗೆದು, ವಾಪಸ್ ಬಿಡೋದಾ? ಹುಚ್ಚುಂಟಾ ನಿಮಗೆ?"

"ಜಿಟಿ ಹಿಡಿಯೋರೆಲ್ಲ ಬಿಡ್ತಾರೆ ಶೆಟ್ರೇ" ಎಂದ ಸೀನ.

"ಜಿಟಿ ಅಂದ್ರೆ? ಜಿಎಸ್‌ಟಿಯ ತಮ್ಮನಾ?"

"ಜೈಂಟ್ ಟ್ರೆವಲಿ."

ಆಮೇಲೆ ಅರ್ಧ ಗಂಟೆ ಸೀನನ ಪಾಠ. ಕೊರೆದರೂ ಒಪ್ಪಬೇಕು, ಚೆನ್ನಾಗಿಯೇ ಓದಿಕೊಂಡಿದ್ದ. ಈ ಜಿಟಿ ಹವಳದ ದಿಬ್ಬಗಳ ರೌಡಿ. ಅಗಲ ಎದೆ, ಗಡಸು ದವಡೆ. ದಾಖಲೆಯ ಮೀನು 72.8 ಕಿಲೋ, 2006ರಲ್ಲಿ ಜಪಾನಿನಲ್ಲಿ ಸಿಕ್ಕಿದ್ದು. ಇದಕ್ಕೆ ಎರೆಹುಳ ಚುಚ್ಚಿ ನಿದ್ದೆ ಮಾಡಿದರೆ ಆಗುವುದಿಲ್ಲ. ಬಾಯಿ ಬಟ್ಟಲಿನ ಹಾಗೆ ಕೊರೆದ ಸುಳ್ಳು ಮೀನೊಂದು ಇದೆ, ಪಾಪರ್ ಅಂತ. ಅದನ್ನು ದೂರಕ್ಕೆ ಬೀಸಿ ಎಸೆದು, ಗಕ್ಕನೆ ಎಳೆದರೆ ನೀರು 'ಬ್ಲಪ್' ಎಂದು ಚಿಮ್ಮುತ್ತದೆ. ಯಾರೋ ಒದ್ದಾಡುತ್ತಿದ್ದಾರೆ ಎಂದು ಜಿಟಿ ಮೇಲೆ ಬರುತ್ತದೆ. ಸಹಾಯಕ್ಕಲ್ಲ. ಕಚ್ಚಿದ ಮೇಲೆ ನೇರ ಹವಳದ ಸಂದಿಗೆ ನುಗ್ಗುತ್ತದೆ. ದಾರ ಹವಳಕ್ಕೆ ತಾಗಿದರೆ ಕಥೆ ಮುಗಿಯಿತು. ಅದಕ್ಕೇ ದಪ್ಪ ಹೆಣೆದ ದಾರ, ಅದರ ತುದಿಗೆ ಇನ್ನೂ ದಪ್ಪ ನೈಲಾನ್, ಜೊತೆಗೆ ದಾರ ಸುತ್ತುವ ಒಂದು ರೀಲು. ಒಳ್ಳೆಯ ರೀಲಿನ ಬೆಲೆಗೆ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತದೆ. ಸೀನ ರೀಲನ್ನು ಆಗಲೇ ಕೊಂಡಿದ್ದ. ಮನೆಯಲ್ಲಿ ಅದು ಮಿಕ್ಸಿಯ ಬಿಡಿಭಾಗ ಎಂದು ಹೇಳಿದ್ದಾನಂತೆ.

"ಅಷ್ಟು ಕಷ್ಟಪಟ್ಟು ಹಿಡಿದದ್ದನ್ನ ಯಾಕೆ ಬಿಡೋದು? ಅದು ಹೇಳಿ" ಎಂದರು ಶೆಟ್ರು. ಅವರ ಸೂಜಿ ಅಲ್ಲೇ ಸಿಕ್ಕಿಕೊಂಡಿತ್ತು.

"ದಿಬ್ಬದ ದೊಡ್ಡ ಮೀನು ತಿನ್ನೋದು ಅಪಾಯ. ಸಿಗ್ವಟೇರಾ ಅಂತ ಒಂದು ವಿಷ ಇದೆ. ಹವಳದ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯಿಂದ ಶುರುವಾಗುತ್ತೆ. ಸಣ್ಣ ಮೀನು ಅದನ್ನ ತಿನ್ನುತ್ತೆ, ದೊಡ್ಡದು ಸಣ್ಣದನ್ನ ತಿನ್ನುತ್ತೆ, ಮೇಲೆ ಹೋಗ್ತಾ ವಿಷ ಸೇರ್ತಾ ಹೋಗುತ್ತೆ."

"ನಮ್ಮ ಮಸಾಲೆಗೆ ಯಾವ ವಿಷವೂ ನಿಲ್ಲೋದಿಲ್ಲ."

"ಬೇಯಿಸಿದರೂ ಹೋಗಲ್ಲ. ಹುರಿದರೂ ಹೋಗಲ್ಲ. ರುಚಿ, ವಾಸನೆ ಏನೂ ಬದಲಾಗಲ್ಲ. ಬಂದರೆ ವಾಂತಿ, ಭೇದಿ. ಕೆಲವರಿಗೆ ತಣ್ಣಗಿರೋದು ಮುಟ್ಟಿದರೆ ಸುಟ್ಟ ಹಾಗೆ ಆಗುತ್ತಂತೆ. ಅದು ವಾರಗಟ್ಟಲೆ ಇರುತ್ತೆ."

ಶಾಸ್ತ್ರಿ ಗಾಬರಿಯಾದ. "ಅಂದ್ರೆ ಕಾಫಿ ಬಿಸಿಯಾಗಿದೆಯೋ ಆರಿದೆಯೋ ಗೊತ್ತಾಗಲ್ವಾ?" ಮೀನು ತಿನ್ನದವನಿಗೆ ಆ ಭಯ ಯಾಕೋ. ಆದರೂ ಬಸವನಗುಡಿಯಲ್ಲಿ ಇದಕ್ಕಿಂತ ದೊಡ್ಡ ಕಾಯಿಲೆ ಇಲ್ಲ, ಒಪ್ಪುತ್ತೇನೆ.

ವಿಷದ ಮಾತು ಶೆಟ್ರನ್ನು ಸ್ವಲ್ಪ ತಗ್ಗಿಸಿತು. ಕೊನೆಗೆ ಒಪ್ಪಂದವಾಯಿತು. ದಿಬ್ಬದ ದೊಡ್ಡ ಮೀನೆಲ್ಲ ಶಾಸ್ತ್ರಿಯ ಪಾಲು, ಅಂದರೆ ಸಮುದ್ರದ ಪಾಲು. ದಾರಿಯಲ್ಲಿ ಬೋಟಿನ ಹಿಂದೆ ದಾರ ಬಿಟ್ಟುಕೊಂಡು ಹೋಗುವಾಗ ಆಳದ ನೀರಿನ ಟ್ಯೂನ ಸಿಕ್ಕಿದರೆ ಒಂದೇ ಒಂದು ಶೆಟ್ರಿಗೆ. "ಟ್ಯೂನ ಅಲ್ಲ, ಕೇದರ್ ಅನ್ನಿ" ಎಂದು ತಿದ್ದಿದರು. ಹೆಸರು ಸರಿಯಿದ್ದರೆ ಮೀನು ಅರ್ಧ ಬಾಣಲೆಗೆ ಬಿದ್ದ ಹಾಗೆ ಅವರಿಗೆ.

ಶಾಸ್ತ್ರಿಗೆ ಈಗ ಹುರುಪು ಬಂತು. "ಹಿಡಿದು ಬಿಡೋದು ನಮಗೇನು ಹೊಸದಲ್ಲ ಶೆಟ್ರೇ. ಕಾವೇರಿಯ ಭೀಮೇಶ್ವರಿಯಲ್ಲಿ ಬಿಳಿಮೀನು, ಅಂದ್ರೆ ಮಹಶೀರ್, ಹಿಡಿದು ಬಿಡೋಕೆ ಅಂತಲೇ ವಿದೇಶದಿಂದ ಬರ್ತಿದ್ರು. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದು ಸಿಕ್ಕಿತ್ತು. ಹಿಡಿದವರು ಮೈಸೂರಿನಲ್ಲಿ ಹುಲಿಗೆ ಹುಲ್ಲು ತುಂಬುತ್ತಿದ್ದರಲ್ಲ, ಆ ವ್ಯಾನ್ ಇಂಗೆನ್ ಮನೆಯವರು. ಈಗ ನಮ್ಮ ಡುಬ್ಬದ ಬಿಳಿಮೀನು ಅಳಿವಿನ ಅಂಚಿನಲ್ಲಿದೆ." ಇಷ್ಟೆಲ್ಲ ಇವನಿಗೆ ಹೇಗೆ ಗೊತ್ತು ಎಂದು ನಾವು ಬಾಯಿ ಬಿಟ್ಟೆವು. ಮೀನು ತಿನ್ನದವನಿಗೆ ಮೀನಿನ ಬಗ್ಗೆ ಓದಲು ಸಮಯ ಜಾಸ್ತಿ.

ಮುಂದಿನ ತಕರಾರು ದಿನಾಂಕದ್ದು. ಮೇ ತಿಂಗಳಲ್ಲಿ ಮಕ್ಕಳಿಗೆ ರಜ ಇರುತ್ತದೆ ಎಂದೆ ನಾನು. ಶೆಟ್ರು ಗದರಿದರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಕಡಲಿಗಿಳಿಯುವುದಿಲ್ಲ. ಪೂರ್ವ ಕರಾವಳಿಗೂ ಅಂಡಮಾನಿಗೂ ಆ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಅದು ದುಡಿಯುವ ಮೀನುಗಾರರಿಗೆ. ನಾವು ಯಾವ ಲೆಕ್ಕವೂ ಅಲ್ಲ. ಆದರೆ ಮೇನಲ್ಲಿ ಮಳೆ ಹತ್ತಿರ ಬರುತ್ತದೆ, ಕಡಲು ಕೆಡುತ್ತದೆ. ಹಾಗಾಗಿ ಜನವರಿ, ಫೆಬ್ರವರಿ.

"ಅದರಲ್ಲೂ ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇರಬೇಕು. ಆಗ ಉಬ್ಬರವಿಳಿತ ಜೋರು, ನೀರು ಜೋರಾಗಿ ಹರಿಯುತ್ತೆ, ಜಿಟಿ ಬೇಟೆಗೆ ಬರುತ್ತೆ" ಎಂದ ಸೀನ.

ಶಾಸ್ತ್ರಿ ಕೆಳಗೆ ಓಡಿ ಪಂಚಾಂಗ ತಂದ. ಅವನ ಬಾಳಿನಲ್ಲಿ ಮೊದಲ ಸಲ ಸೀನ ಪಂಚಾಂಗ ಕೇಳಿದ್ದು. ಸಂತೋಷ ಒಂದೇ ನಿಮಿಷ. "ಅಮಾವಾಸ್ಯೆ ದಿನ ಪ್ರಯಾಣ ಕೂಡದು" ಎಂದ.

"ಪ್ರಯಾಣ ಎರಡು ದಿನ ಮುಂಚೆ ಮಾಡೋಣ. ಅಮಾವಾಸ್ಯೆ ದಿನ ಬೋಟಲ್ಲಿ ಇರೋಣ."

"ಬೋಟ್ ಹೋಗೋದು ಪ್ರಯಾಣ ಅಲ್ವಾ?"

ಇದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಸದ್ಯಕ್ಕೆ ಹುಣ್ಣಿಮೆ ಎಂದು ಬರೆದುಕೊಂಡಿದ್ದೇವೆ.

ಹೊತ್ತಿನದೂ ಒಂದು ಮಜಾ. ಅಂಡಮಾನ್ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಜನವರಿಯಲ್ಲಿ ಸಂಜೆ ಐದೂಕಾಲು ದಾಟುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಬೆಳಗಿನ ಜಾವ ನಾಲ್ಕೂವರೆಗೆ ಏಳಬೇಕು ಎಂದಾಗ ನನಗೆ ಹೊಟ್ಟೆ ತೊಳಸಿತು. ಬೋಟ್ ಹತ್ತುವ ಮೊದಲೇ. ಆಗುಂಬೆ ಘಾಟಿಯಲ್ಲೇ ವಾಂತಿ ಮಾಡುವವನು ನಾನು. ಹೊರಡುವ ಒಂದು ಗಂಟೆ ಮುಂಚೆಯೇ ಮಾತ್ರೆ ನುಂಗಿ ದೂರದ ದಿಗಂತ ನೋಡುತ್ತಿರಬೇಕಂತೆ. ಬೆಂಗಳೂರಿನವನಿಗೆ ದಿಗಂತ ನೋಡಿ ಅಭ್ಯಾಸವಿಲ್ಲ. ನಮ್ಮಲ್ಲಿ ಎದುರು ಅಪಾರ್ಟ್‌ಮೆಂಟಿಗೇ ಆಕಾಶ ಮುಗಿಯುತ್ತದೆ.

ಅಷ್ಟರಲ್ಲಿ ಶಾಸ್ತ್ರಿಯ ಅಮ್ಮ ಕಾಫಿ ತಂದರು. ಎಂಬತ್ತು ದಾಟಿದೆ, ಕಿವಿ ಮಾತ್ರ ಚುರುಕು. "ಅಂಡಮಾನಾ? ನಮ್ಮ ಕಾಲದಲ್ಲಿ ಕರಿನೀರಿಗೆ ಸರ್ಕಾರದ ಖರ್ಚಲ್ಲಿ ಕಳಿಸ್ತಿದ್ರು. ನೀವು ಸ್ವಂತ ದುಡ್ಡಲ್ಲಿ ಹೋಗ್ತಿದೀರಾ?" ಎಂದರು. ಸೆಲ್ಯುಲಾರ್ ಜೈಲು ಕಟ್ಟಿ ಮುಗಿಸಿದ್ದು 1906ರಲ್ಲಿ, ಅದು ಅಮ್ಮನ ಕಾಲವೂ ಅಲ್ಲ. ಅದನ್ನು ಅವರಿಗೆ ಹೇಳುವ ಧೈರ್ಯ ಯಾರಿಗಿದೆ? "ಬೋಟಿಗೆ ಪೂಜೆ ಮಾಡಿಸಿ. ಒಂದು ತೆಂಗಿನಕಾಯಿ, ಒಂದು ಚಿಪ್ಪು ಏಲಕ್ಕಿ ಬಾಳೆ ತಗೊಂಡ್ಹೋಗಿ" ಎಂದೂ ಹೇಳಿದರು.

ಸೀನ ಬೆಚ್ಚಿಬಿದ್ದ. ಗಾಳ ಹಾಕುವವರ ಬೋಟಿನಲ್ಲಿ ಬಾಳೆಹಣ್ಣು ಪರಮ ಅಪಶಕುನವಂತೆ. ಎಷ್ಟೋ ದೇಶಗಳಲ್ಲಿ ಕ್ಯಾಪ್ಟನ್‌ಗಳು ಹತ್ತಿಸುವುದೇ ಇಲ್ಲವಂತೆ.

"ಬಾಳೆಹಣ್ಣಿಲ್ಲದೆ ಪೂಜೆಯಾ?" ಅಮ್ಮ ಕೇಳಿದ ರೀತಿಗೆ ಆ ಕ್ಯಾಪ್ಟನ್‌ಗಳೆಲ್ಲ ಇದ್ದಿದ್ದರೆ ಇಳಿದು ನಮಸ್ಕಾರ ಮಾಡುತ್ತಿದ್ದರು. ಪೂಜೆ ದಡದಲ್ಲಿ, ಹಣ್ಣು ಅಲ್ಲೇ ತಿಂದು ಮುಗಿಸುವುದು ಎಂದು ಇತ್ಯರ್ಥವಾಯಿತು. ಹೊಟ್ಟೆಯೊಳಗಿನ ಬಾಳೆಹಣ್ಣು ಲೆಕ್ಕಕ್ಕುಂಟಾ ಎಂದು ಶೆಟ್ರು ಎಳೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಕಿರುವಾಗಲೇ ಎಸೆದು ನೋಡೋಣ ಎಂದು ಸೀನ ಗಾಳದ ಕೋಲು ಜೋಡಿಸಿದ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ, ಹತ್ತಿರದ ಕಡಲಿಗೆ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ ಇರುವ ತಾರಸಿಯಲ್ಲಿ ಪಾಪರ್ ಹೊರಬಂತು. ಶಾಸ್ತ್ರಿ ತಡೆದ. "ಕೊಕ್ಕೆಯ ತುದಿಯಲ್ಲಿರೋ ಹಿಮ್ಮುಖದ ಮುಳ್ಳು ಅದುಮಿದೀಯಾ? ಮುಳ್ಳಿದ್ದರೆ ಬಿಡಿಸುವಾಗ ಮೀನಿನ ಬಾಯಿ ಹರಿಯುತ್ತೆ." ಇಕ್ಕಳ ತಂದು ತಾನೇ ಕೂತು ಒಂದೊಂದೇ ಮುಳ್ಳನ್ನು ಅದುಮಿದ, ಮಗುವಿನ ಉಗುರು ಕತ್ತರಿಸುವ ಹಾಗೆ. ಆಮೇಲೆ, "ಮೊದಲು ನಾನು" ಎಂದ.

ಬೀಸಿದ. ಪಾಪರ್ ಗುಲ್‌ಮೊಹರ್ ಮರ ದಾಟಿ ಪಕ್ಕದ ತಾರಸಿಗೆ ಹಾರಿತು. ಗಕ್ಕನೆ ಎಳೆದ. ಕೋಲು ಬಾಗಿತು. ರೀಲು ಚೀರಿತು. "ಕಚ್ಚಿತು! ಕಚ್ಚಿತು!" ಎಂದು ಸೀನ ಕುಣಿದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಮಡಿಪಂಚೆ ತಂತಿ ಬಿಟ್ಟು ಗಾಳಿಯಲ್ಲಿ ಒದ್ದಾಡುತ್ತಾ ನಮ್ಮ ಕಡೆ ಬಂತು.

ಮೇಷ್ಟ್ರು ಕೆಳಗೆ ಗೇಟಿನ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದರು.

ಶಾಸ್ತ್ರಿ ಕೈ ನಡುಗಿಸುತ್ತಾ ಕೊಕ್ಕೆ ಬಿಡಿಸಿದ. ಒಂದು ಎಳೆಯೂ ಹರಿದಿರಲಿಲ್ಲ. ಮುಳ್ಳು ಅದುಮಿದ್ದು ಸಾರ್ಥಕ. ಸೀನ ಫೋಟೋ ತೆಗೆದ. ಶೆಟ್ರು ಪಂಚೆಯನ್ನು ಕೈಯಲ್ಲಿ ಅಳೆದು, "ಎಂಟು ಮೊಳ. ಒಳ್ಳೇ ಸೈಜು. ಇದನ್ನ ಬೇಕಾದ್ರೆ ಬಿಡಿ, ನನ್ನ ಅಭ್ಯಂತರ ಇಲ್ಲ" ಎಂದರು.